ನಾಮ್ ಪೆನ್‌ನಲ್ಲಿ ಬ್ಯಾಗ್ ಮೈಗೆ ಅಡ್ಡ ಹಾಕಿಕೊಂಡು ಟುಕ್-ಟುಕ್ ಹತ್ತಬೇಡಿ

ಕಾಂಬೋಡಿಯಾ ಕಡೆ ಹೊರಟಿರುವವರು, ಅದರಲ್ಲೂ ಇಬ್ಬರೇ ಬ್ಯಾಕ್‌ಪ್ಯಾಕ್ ಹಾಕಿಕೊಂಡು ಹೊರಟಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

2023ರ ನವೆಂಬರ್ 24, ಶುಕ್ರವಾರ. ನಾನೂ ನನ್ನ ಗಂಡನೂ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ಗೆ ಬಂದು ಎರಡನೇ ದಿನ. ಮೂರು ವಾರ ಸುತ್ತಬೇಕು ಅಂತ ಒಂದು ವರ್ಷ ದುಡ್ಡು ಕೂಡಿಟ್ಟಿದ್ದೆವು. ಇಲ್ಲಿ ನಾಲ್ಕು ದಿನ, ಆಮೇಲೆ ಸಿಯೆಮ್ ರೀಪ್‌ಗೆ ಹೋಗಿ ಅಲ್ಲಿಯ ಹಳೆಯ ದೊಡ್ಡ ದೇವಾಲಯ ಅಂಕೋರ್ ವಾಟ್, ಅಲ್ಲಿಂದ ವಿಯೆಟ್ನಾಂ. ಅಂಕೋರ್ ನೋಡುವುದು ನನ್ನ ಕಾಲೇಜು ದಿನಗಳ ಆಸೆ.

ಬೆಳಿಗ್ಗೆ ಸಿಮ್ ಕೊಳ್ಳಲು ಹೋದೆವು. ಅಲ್ಲಿ ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಬೇಕು. ಕೆಲಸ ಮುಗಿದ ಮೇಲೆ ಇವರು ತಮ್ಮ ಪಾಸ್‌ಪೋರ್ಟನ್ನೂ ನನ್ನ ಕೈಗೆ ಕೊಟ್ಟರು. ರೂಮಿಗೆ ವಾಪಸ್ ಹೋಗಿ ಇಟ್ಟು ಬರೋಣ ಅಂದುಕೊಂಡೆವು, ಹೋಗಲಿಲ್ಲ. ಎರಡೂ ಪಾಸ್‌ಪೋರ್ಟ್ ನನ್ನ ಸಣ್ಣ ಬ್ಯಾಗಿಗೆ ಸೇರಿದವು. ಅದರಲ್ಲೇ 640 ಡಾಲರ್, ನನ್ನ ಫೋನು, ನನ್ನ ಎರಡು ಕಾರ್ಡು.

ಮಧ್ಯಾಹ್ನ ತುವೋಲ್ ಸ್ಲೆಂಗ್ ಮ್ಯೂಸಿಯಂ ನೋಡಿದೆವು. ಒಂದು ಕಾಲಕ್ಕೆ ಹೈಸ್ಕೂಲ್ ಆಗಿದ್ದ ಕಟ್ಟಡ ಅದು. 1970ರ ದಶಕದಲ್ಲಿ ಆ ದೇಶ ಆಳಿದ ಖಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಗುಂಪಿನವರು ಅದನ್ನು ಜೈಲು ಮಾಡಿ ಸಾವಿರಾರು ಜನರಿಗೆ ಹಿಂಸೆ ಕೊಟ್ಟರು. ತರಗತಿ ಕೋಣೆಗಳಲ್ಲಿ ಕಬ್ಬಿಣದ ಮಂಚಗಳು ಈಗಲೂ ಇವೆ. ಸಾಲು ಸಾಲು ಫೋಟೋಗಳಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ. ಹೊರಗೆ ಬಂದಾಗ ಇಬ್ಬರಿಗೂ ಮಾತೇ ಬರಲಿಲ್ಲ. ನದಿ ದಂಡೆಗೆ ಹೋಗಿ ಸುಮ್ನೆ ಕೂರೋಣ ಅಂತ ಒಂದು ಟುಕ್-ಟುಕ್ ಹತ್ತಿದೆವು. ಬೈಕಿನ ಹಿಂದೆ ಗಾಡಿ ಕಟ್ಟಿರುತ್ತಾರಲ್ಲ, ಎರಡೂ ಪಕ್ಕ ತೆರೆದಿರುವಂಥದ್ದು.

ನಾನು ಎಡಗಡೆ ಅಂಚಿಗೆ ಕೂತೆ. ಇದನ್ನು ಆಮೇಲೆ ಎಷ್ಟು ಸಲ ಯೋಚಿಸಿದ್ದೇನೋ ಗೊತ್ತಿಲ್ಲ. ನಮ್ಮಲ್ಲಿ ಆಟೋದಲ್ಲಿ ಎಡಗಡೆ ಅಂದರೆ ಫುಟ್‌ಪಾತ್ ಕಡೆ, ಹೆದರಿಕೆ ಇಲ್ಲದ ಕಡೆ. ಕಾಂಬೋಡಿಯಾದಲ್ಲಿ ಗಾಡಿಗಳು ಓಡುವುದು ರಸ್ತೆಯ ಬಲಗಡೆ. ಟುಕ್-ಟುಕ್ ಬಲ ಅಂಚಿನಲ್ಲಿ ನಿಧಾನಕ್ಕೆ ಹೋಗುತ್ತದೆ, ಬೈಕುಗಳೆಲ್ಲ ಎಡಗಡೆಯಿಂದ ಮುಂದೆ ನುಗ್ಗುತ್ತವೆ. ಅಂದರೆ ನಾನು ಕೂತಿದ್ದು ನೇರವಾಗಿ ಬೈಕುಗಳ ಪಕ್ಕದಲ್ಲಿ. ಬ್ಯಾಗೂ ಅದೇ ಮಗ್ಗುಲಿಗೆ ತೂಗುತ್ತಿತ್ತು. ಪಟ್ಟಿಯನ್ನು ಕುತ್ತಿಗೆಯಿಂದ ಅಡ್ಡಲಾಗಿ ಹಾಕಿಕೊಂಡಿದ್ದೆ. "ಹೆಗಲಿಗೆ ನೇತುಹಾಕಬೇಡ, ಅಡ್ಡ ಹಾಕ್ಕೋ, ಯಾರೂ ಕಿತ್ಕೊಳ್ಳೋಕಾಗಲ್ಲ" ಅಂತ ಎಲ್ಲರೂ ಹೇಳುತ್ತಾರಲ್ವಾ? ಅದನ್ನೇ ನಂಬಿದ್ದೆ.

ಸ್ವಾತಂತ್ರ್ಯ ಸ್ಮಾರಕದ ವೃತ್ತ ದಾಟಿ ಸ್ವಲ್ಪ ದೂರ ಬಂದಿದ್ದೆವು. ಒಂದು ಬೈಕು ತೀರಾ ಹತ್ತಿರ ಬಂತು. ಇಬ್ಬರಿದ್ದರು. ಹಿಂದೆ ಕೂತವನ ತೋಳಿನ ಹಸಿರು ಬಣ್ಣದ ಅಂಗಿ ಮಾತ್ರ ನೆನಪಿದೆ, ಮುಖ ನೋಡಲೇ ಇಲ್ಲ. ಆ ಕೈ ಪಟ್ಟಿಯನ್ನು ಹಿಡಿಯಿತು, ಅಷ್ಟರಲ್ಲಿ ಬೈಕಿನ ವೇಗ ಏರಿತು. ಪಟ್ಟಿ ಕುತ್ತಿಗೆಗೆ ಬಿಗಿದು ನಾನು ಸೀಟಿನಿಂದ ಹೊರಗೆ ಬಂದೆ. ಇವರು ನನ್ನ ಕುರ್ತಾ ಹಿಡಿದುಕೊಂಡು "ಬಿಟ್ಬಿಡೇ! ಬ್ಯಾಗ್ ಬಿಟ್ಬಿಡೇ!" ಅಂತ ಕೂಗುತ್ತಿದ್ದರು. ನಾನು ಹಿಡಿದುಕೊಂಡೇ ಇರಲಿಲ್ಲ. ಬ್ಯಾಗೇ ನನ್ನನ್ನು ಹಿಡಿದುಕೊಂಡಿತ್ತು. ಮೊಣಕೈ ಊರಿ ಟಾರಿನ ಮೇಲೆ ಬಿದ್ದೆ, ಸ್ವಲ್ಪ ದೂರ ಎಳೆದುಕೊಂಡು ಹೋದರು. ಆಗ ಪಟ್ಟಿಯ ಕೊಕ್ಕೆ ಮುರಿದು ಬ್ಯಾಗು ಅವರ ಪಾಲಾಯಿತು. ಹಿಂದೆ ಬರುತ್ತಿದ್ದ ಕಾರು ಬ್ರೇಕ್ ಹಾಕಿ ನಿಂತಿತು.

ಆ ಕೊಕ್ಕೆ ಗಟ್ಟಿಯಾಗಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಕಳ್ಳ ನಡೆದುಕೊಂಡು ಬರುವ ಕಡೆ ಅಡ್ಡ ಪಟ್ಟಿ ಒಳ್ಳೆಯದೇ. ಕಳ್ಳ ಬೈಕಿನಲ್ಲಿ ಬರುವ ಊರಲ್ಲಿ ಅದು ಜೀವಕ್ಕೇ ಅಪಾಯ.

ನಮ್ಮ ಡ್ರೈವರ್ ವಯಸ್ಸಾದವರು. ಓಡಿ ಬಂದು ತಮ್ಮ ಕುತ್ತಿಗೆಯ ಕ್ರಾಮಾ ಬಿಚ್ಚಿದರು. ನಮ್ಮ ಕಡೆಯ ಚೌಕುಳಿ ಟವಲ್ ಥರದ ಬಟ್ಟೆ ಅದು, ಅಲ್ಲಿ ಎಲ್ಲರ ಹತ್ತಿರವೂ ಇರುತ್ತದೆ. ಅದನ್ನೇ ನನ್ನ ಮೊಣಕೈಗೆ ಸುತ್ತಿ ಕಟ್ಟಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಮ್ಮನ್ನು ಕ್ಲಿನಿಕ್ಕಿಗೆ, ಅಲ್ಲಿಂದ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. ಎಷ್ಟು ಒತ್ತಾಯ ಮಾಡಿದರೂ ದುಡ್ಡು ಮುಟ್ಟಲಿಲ್ಲ. ಆ ಊರಿನ ಜನ ಕೆಟ್ಟವರು ಅಂತ ಯಾರೂ ತಿಳಿಯಬಾರದು. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ.

ಗಾಯ ಎರಡು ವಾರದಲ್ಲಿ ಒಣಗಿತು. ಪಾಸ್‌ಪೋರ್ಟ್ ಇಲ್ಲದ ಕಷ್ಟ ಮಾತ್ರ ಆ ರಾತ್ರಿಯಿಂದ ಶುರುವಾಯಿತು.

ಪಾಸ್‌ಪೋರ್ಟಿನ ಪ್ರತಿ ನನ್ನ ಆನ್‌ಲೈನ್ ಡ್ರೈವ್‌ನಲ್ಲಿ ಜೋಪಾನವಾಗಿ ಇತ್ತು. ಇವರ ಫೋನಿನಿಂದ ತೆರೆಯಲು ಹೋದರೆ ಒಟಿಪಿ ಕೇಳಿತು. ಅದು ಹೋಗುವುದು ಕಳುವಾದ ನನ್ನ ನಂಬರಿಗೆ! ಬ್ಯಾಂಕಿನದ್ದೂ ಅದೇ ಕಥೆ. ಕೊನೆಗೆ ಕೈ ಹಿಡಿದದ್ದು ದಾವಣಗೆರೆಯಲ್ಲಿದ್ದ ಅಪ್ಪ. ವೀಸಾಗೆ ಅರ್ಜಿ ಹಾಕುವಾಗ ಇಬ್ಬರ ಪಾಸ್‌ಪೋರ್ಟ್ ಫೋಟೋವನ್ನೂ ಅವರಿಗೆ ವಾಟ್ಸಾಪ್ ಮಾಡಿ ಪ್ರಿಂಟ್ ತೆಗೆಸಿದ್ದೆ. ಮಲಗಿದ್ದವರನ್ನು ಎಬ್ಬಿಸಿ ಕೇಳಿದಾಗ, "ಪೆಟ್ಟು ಜಾಸ್ತಿ ಆಗಿಲ್ಲ ತಾನೇ ಪುಟ್ಟಿ?" ಅಂತ ಮೂರು ಸಲ ಕೇಳಿ ಆಮೇಲೆ ಕಳಿಸಿದರು.

ಇನ್ನೊಂದು ಗೊತ್ತಿರಲಿಲ್ಲ. ಮರುದಿನದಿಂದ ವಾರಾಂತ್ಯ. 26ರಿಂದ 28ರವರೆಗೆ ಅಲ್ಲಿಯ ಜಲಹಬ್ಬ, ಬೊನ್ ಓಮ್ ತುಕ್. ಮಳೆಗಾಲದಲ್ಲಿ ಹಿಂದಕ್ಕೆ ಹರಿಯುವ ತೋನ್ಲೆ ಸಾಪ್ ನದಿ ಮತ್ತೆ ದಿಕ್ಕು ಬದಲಿಸುವ ಸಮಯದ ಹಬ್ಬ ಅದು. ಹಳ್ಳಿಗಳಿಂದ ಜನ ಬಂದು ಊರು ತುಂಬಿತ್ತು, ದೋಣಿ ಪಂದ್ಯದ ಕೂಗು ನಮ್ಮ ರೂಮಿನವರೆಗೂ ಕೇಳುತ್ತಿತ್ತು. ಸರ್ಕಾರಿ ಕಚೇರಿಗಳಿಗೆಲ್ಲ ಬೀಗ. ಹೊರಡುವ ಮುಂಚೆ ಆ ದೇಶದ ರಜೆಗಳನ್ನು ಒಮ್ಮೆ ನೋಡಿಕೊಳ್ಳಿ. ನಾವು ನಾಲ್ಕು ದಿನ ರೂಮಿನಲ್ಲಿ ಕೂತು ಕಾದೆವು. ಇವರ ಜೇಬಿನಲ್ಲಿ ಒಂದು ಡೆಬಿಟ್ ಕಾರ್ಡ್ ಉಳಿದಿತ್ತು, ಅದರಲ್ಲೇ ಊಟ, ಬಾಡಿಗೆ ನಡೆಯಿತು. ಅದೂ ಬ್ಯಾಗಿನಲ್ಲೇ ಇದ್ದಿದ್ದರೆ ದೇವರೇ ಗತಿ.

ಬುಧವಾರ ಭಾರತದ ರಾಯಭಾರ ಕಚೇರಿಗೆ ಹೋದೆವು. ಪೊಲೀಸ್ ವರದಿ, ಫೋಟೋಗಳು, ಪಾಸ್‌ಪೋರ್ಟ್ ಪ್ರತಿ ಕೊಟ್ಟ ಮೇಲೆ ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಕೊಟ್ಟರು. ಅಲ್ಲಿಯ ಸಿಬ್ಬಂದಿ ತುಂಬಾ ಸಮಾಧಾನವಾಗಿ ಮಾತಾಡಿಸಿದರು. ಆದರೆ ಅದು ಭಾರತಕ್ಕೆ ವಾಪಸ್ ಬರಲು ಮಾತ್ರ ಇರುವ ಕಾಗದ. ವಿಯೆಟ್ನಾಂ ಅಲ್ಲಿಗೇ ಮುಗಿಯಿತು.

ಅದು ಸಿಕ್ಕಿದ ತಕ್ಷಣ ವಿಮಾನ ಹತ್ತಬಹುದು ಅಂದುಕೊಂಡಿದ್ದೆವು. ಇಲ್ಲ. ನಮ್ಮ ವೀಸಾ ಇದ್ದದ್ದು ಕಳುವಾದ ಪಾಸ್‌ಪೋರ್ಟಿನಲ್ಲಿ. ಹಾಗಾಗಿ ದೇಶ ಬಿಡಲು ಅಲ್ಲಿಯ ಇಮಿಗ್ರೇಷನ್ ಕಚೇರಿಯಿಂದ ಎಕ್ಸಿಟ್ ವೀಸಾ ಬೇಕು. ಅದಕ್ಕೆ ಇನ್ನೆರಡು ದಿನ ಹಿಡಿಯಿತು. ಟಿಕೆಟ್ ಬುಕ್ ಮಾಡಿ ಆಮೇಲೆ ಇದು ಗೊತ್ತಾದರೆ ಆ ದುಡ್ಡೂ ಹೋಗುತ್ತದೆ. ಬ್ಯಾಂಕಾಕ್ ಮೂಲಕ ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಅಗ್ಗ ಆಗುತ್ತಿತ್ತು. ಹಾಗೆ ಮಾಡಿದರೆ ನಡುವೆ ಇಮಿಗ್ರೇಷನ್ ದಾಟಿ ಲಗೇಜ್ ತೆಗೆದುಕೊಳ್ಳಬೇಕಾಗುತ್ತದೆ. ಆ ಒಂದು ಹಾಳೆ ಹಿಡಿದು ಅಂಥ ಸಾಹಸ ಬೇಡ ಅಂತ ಬೆಂಗಳೂರಿನವರೆಗೆ ಒಂದೇ ಟಿಕೆಟ್ ಮಾಡಿಸಿದೆವು. ದುಬಾರಿ ಆಯಿತು. ಇನ್ಶೂರೆನ್ಸ್‌ನಿಂದ ಪಾಸ್‌ಪೋರ್ಟ್ ಖರ್ಚಿಗೆ ಸ್ವಲ್ಪ ಬಂತು, ನಗದಿಗೆ ಒಂದು ರೂಪಾಯಿಯೂ ಬರಲಿಲ್ಲ. ಆ ಸ್ವಲ್ಪ ಬಂದದ್ದೂ ಅದೇ ಸಂಜೆ ಬರೆಸಿಕೊಂಡ ಪೊಲೀಸ್ ವರದಿಯಿಂದ. ಎಷ್ಟೇ ಸುಸ್ತಾಗಿದ್ದರೂ ಆ ವರದಿಯನ್ನು ಮರುದಿನಕ್ಕೆ ಬಿಡಬೇಡಿ.

ಅಲ್ಲಿಗೆ ಹೋಗಿ, ಬೇಡ ಅನ್ನುತ್ತಿಲ್ಲ. ಆದರೆ ಟುಕ್-ಟುಕ್‌ನಲ್ಲಿ ನಡುವೆ ಕೂತುಕೊಳ್ಳಿ. ಬ್ಯಾಗನ್ನು ಮೈಯಿಂದ ತೆಗೆದು ಕಾಲ ಬುಡದಲ್ಲಿ, ಇಬ್ಬರ ಮಧ್ಯೆ ಇಡಿ. ದಾರಿ ನೋಡಲು ಫೋನ್ ಹೊರಗೆ ಚಾಚಬೇಡಿ. ನಡೆಯುವಾಗ ರಸ್ತೆಗೆ ದೂರದ ಹೆಗಲಲ್ಲಿ ಬ್ಯಾಗಿರಲಿ, ಯಾರಾದರೂ ಎಳೆದರೆ ಜಾರಿ ಹೋಗುವ ಹಾಗಿರಲಿ. ಗಂಡ ಹೆಂಡತಿಯ ಪಾಸ್‌ಪೋರ್ಟ್ ಯಾವತ್ತೂ ಒಂದೇ ಬ್ಯಾಗಿನಲ್ಲಿ ಬೇಡ, ಕಾರ್ಡುಗಳೂ ಬೇಡ.

ಇವತ್ತು ರಾತ್ರಿಯೇ ಎರಡೂ ಪಾಸ್‌ಪೋರ್ಟಿನ ಫೋಟೋ ತೆಗೆದು, ಮನೆಯಲ್ಲಿ ಫೋನ್ ಎತ್ತುವವರು ಯಾರಿದ್ದಾರೋ ಅವರಿಗೆ ಕಳಿಸಿಡಿ.