ಸ್ಟೇಟ್‌ಬ್ಯಾಂಕ್‌ನಿಂದ ಕುಂದಾಪುರದವರೆಗೆ: ಟ್ಯಾಬ್ಲೆಟ್ ಆಪ್‌ಗಳಲ್ಲಿ ನಾಲ್ಕು ವರ್ಷದ ಕಚೇರಿ ಕೆಲಸ

ಮಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ದುಡಿಯುವ ನನಗೆ ವಾರದಲ್ಲಿ ಮೂರು ದಿನವಾದರೂ ಓಡಾಟ ತಪ್ಪಿದ್ದಲ್ಲ. ಇವತ್ತು ಉಡುಪಿಯ ಸಹಕಾರಿ ಸಂಘವಾದರೆ ನಾಳೆ ಕಾರ್ಕಳದ ಗೇರುಬೀಜ ಕಾರ್ಖಾನೆ, ನಾಡಿದ್ದು ಬೈಕಂಪಾಡಿಯ ಯಾವುದಾದರೊಂದು ಸಣ್ಣ ಉದ್ದಿಮೆ. ಲ್ಯಾಪ್‌ಟಾಪ್ ಚೀಲ ಹೊತ್ತು ಹೊತ್ತು ಹೆಗಲು ಸೋತ ಮೇಲೆ, 2021ರಲ್ಲಿ, ಸಿಮ್ ಹಾಕಬಹುದಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ ಕೊಂಡುಕೊಂಡೆ. ಅದರ ಪರದೆ 10.4 ಇಂಚಿನದು, ತೂಕ ಅರ್ಧ ಕಿಲೋಗಿಂತ ಕಡಿಮೆ, ಜೊತೆಗೇ ಬರುವ ಪೆನ್ನಿಗೆ ಚಾರ್ಜಿನ ಗೊಡವೆಯೇ ಇಲ್ಲ. ಆದರೆ ಇಲ್ಲಿ ಹೇಳಬೇಕೆಂದಿರುವುದು ಯಂತ್ರದ ಬಗ್ಗೆ ಅಲ್ಲ, ಅದರಲ್ಲಿ ದಿನವೂ ತೆರೆಯುವ ಆಪ್‌ಗಳ ಬಗ್ಗೆ.

ಮೊದಲ ಪಾಠ ಕಲಿಸಿದ್ದು 0.3 ಇಂಚು. ಮೈಕ್ರೋಸಾಫ್ಟ್‌ನ ವರ್ಡ್ ಮತ್ತು ಎಕ್ಸೆಲ್ ಆಪ್‌ಗಳಲ್ಲಿ ಕಡತವನ್ನು ಉಚಿತವಾಗಿ ತಿದ್ದಲು ಅವಕಾಶ ಇರುವುದು 10.1 ಇಂಚು ಅಥವಾ ಅದಕ್ಕಿಂತ ಚಿಕ್ಕ ಪರದೆಯ ಸಾಧನಗಳಲ್ಲಿ ಮಾತ್ರ. ಅದಕ್ಕಿಂತ ದೊಡ್ಡದಾದರೆ ಕಡತವನ್ನು ನೋಡಬಹುದು, ತಿದ್ದಬೇಕಾದರೆ ಮೈಕ್ರೋಸಾಫ್ಟ್ 365ರ ಚಂದಾ ಬೇಕು. ಇದನ್ನು ತಿಳಿಯದೆ ಅಂಗಡಿಯಲ್ಲಿ ‘ಸ್ವಲ್ಪ ದೊಡ್ಡದೇ ಇರಲಿ’ ಎಂದು ಹೇಳಿ ತಂದವನು ನಾನು. ಕಚೇರಿಯಲ್ಲಿ ಹೇಗೂ ಚಂದಾ ಇದ್ದುದರಿಂದ ನನ್ನ ಕಿಸೆಗೆ ಕತ್ತರಿ ಬೀಳಲಿಲ್ಲ. ಸ್ವಂತಕ್ಕೆ ಕೊಳ್ಳುವವರು ಮಾತ್ರ ಪರದೆಯ ಅಳತೆಯನ್ನು ಬೆಲೆಯ ಜೊತೆಗೇ ಲೆಕ್ಕ ಹಾಕಬೇಕು. ಗೂಗಲ್ ಡಾಕ್ಸ್ ಮತ್ತು ಶೀಟ್ಸ್‌ಗೆ ಈ ಕಟ್ಟುಪಾಡು ಇಲ್ಲವಾದರೂ, ಕಕ್ಷಿದಾರರು ಕಳುಹಿಸುವ ವರ್ಡ್ ಕಡತಗಳಲ್ಲಿನ ಕೋಷ್ಟಕ ಮತ್ತು ಅಂಚುಗಳು ಅಲ್ಲಿ ಒಮ್ಮೊಮ್ಮೆ ಸ್ಥಾನ ಪಲ್ಲಟವಾಗುವುದರಿಂದ, ಸಹಿಗೆ ಹೋಗುವ ಪತ್ರಗಳನ್ನು ನಾನು ಅದರಲ್ಲಿ ಮುಟ್ಟುವುದಿಲ್ಲ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಪೂರ್ತಿ ತೆರೆಯುವಷ್ಟು ಜಾಗ ಸಿಗುವುದಿಲ್ಲ. ಟ್ಯಾಬ್ಲೆಟನ್ನು ಮಡಿಲ ಚೀಲದ ಮೇಲೆ ಒರಗಿಸಿಕೊಂಡರೆ ಸಾಕು. ಬಸ್ಸಿನಲ್ಲಿ ಟೈಪ್ ಮಾಡುವ ಆಸೆಯನ್ನು ಮೊದಲ ತಿಂಗಳಲ್ಲೇ ಕೈಬಿಟ್ಟೆ. ಬಸ್ಸು ಪಡುಬಿದ್ರಿ ದಾಟುವಷ್ಟರಲ್ಲಿ ಒಂದು ಪ್ಯಾರಾ ಕೂಡ ಮುಗಿದಿರುವುದಿಲ್ಲ, ಮುಗಿದಷ್ಟರಲ್ಲೂ ತಪ್ಪುಗಳೇ ಹೆಚ್ಚು. ಓದುವುದು, ಗೆರೆ ಎಳೆಯುವುದು, ಒಪ್ಪಿಗೆ ಕೊಡುವುದು ಮಾತ್ರ ಸೊಗಸಾಗಿ ಆಗುತ್ತದೆ. ಅಡೋಬಿ ಅಕ್ರೊಬ್ಯಾಟ್‌ನ ಉಚಿತ ಆಪ್‌ನಲ್ಲಿ 40 ಪುಟದ ಹಣಕಾಸು ಲೆಕ್ಕಪತ್ರವನ್ನು ತೆರೆದು, ತಾಳೆಯಾಗದ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿ, ಅಂಚಿನಲ್ಲಿ ‘ಟಿಪ್ಪಣಿ 7 ನೋಡಿ’ ಎಂದು ಗೀಚಿಡುವ ಕೆಲಸ ಕೂಳೂರು ಸೇತುವೆಯ ವಾಹನ ಸಾಲಿನಲ್ಲೇ ಎಷ್ಟೋ ಬಾರಿ ಮುಗಿದಿದೆ. ವರ್ಡ್‌ನಲ್ಲಿ ಸಹೋದ್ಯೋಗಿಗಳು ಮಾಡಿದ ತಿದ್ದುಪಡಿಗಳನ್ನು ಒಂದೊಂದಾಗಿ ಒಪ್ಪುವುದು, ತಳ್ಳುವುದು ಕೂಡ ಬೆರಳ ತುದಿಯಲ್ಲೇ ಆಗುತ್ತದೆ. ಒಂದೇ ಎಚ್ಚರಿಕೆಯೆಂದರೆ, ಪಕ್ಕದ ಸೀಟಿನವರಿಗೂ ಕಣ್ಣುಗಳಿವೆ. ಗೇರು ತಿರುಳಿನ ದರಪಟ್ಟಿಯನ್ನು ತೆರೆದಿಟ್ಟಿದ್ದಾಗ, ಹಿರಿಯರೊಬ್ಬರು ಬಗ್ಗಿ ನೋಡಿ, ‘ಈ ರೇಟಿಗೆ ಎಲ್ಲಿ ಸಿಗುತ್ತದೆ ಮಾರಾಯರೇ’ ಎಂದು ಕೇಳಿದ ಮೇಲೆ, ಪಕ್ಕದಿಂದ ಕಾಣದಂತೆ ಮಾಡುವ ಹಾಳೆಯನ್ನು ಪರದೆಗೆ ಅಂಟಿಸಿಕೊಂಡೆ.

ಈ ವ್ಯವಸ್ಥೆಯ ನಿಜವಾದ ಬೆಲೆ ತಿಳಿಯುವುದು ಗೋದಾಮಿನಲ್ಲಿ. ಮಾರ್ಚ್ 31ಕ್ಕೆ ಗೇರು ಕಾರ್ಖಾನೆಗಳಲ್ಲಿ ದಾಸ್ತಾನು ಎಣಿಕೆ ನಡೆಯುತ್ತದೆ, ಅದು ಹಸಿ ಬೀಜ ಒಳಬರುವ ಋತುವೂ ಹೌದು. ಒಂದೊಂದು ಗೋಣಿಯಲ್ಲಿ 80 ಕಿಲೋ ಬೀಜ. ಉದ್ದಕ್ಕೆ 14, ಅಗಲಕ್ಕೆ 11, ಎತ್ತರಕ್ಕೆ 8 ಗೋಣಿಗಳ ಒಂದು ಒಟ್ಟಿಲು ಎಂದರೆ 1,232 ಗೋಣಿ, 98,560 ಕಿಲೋ. ಮೊದಲು ಇದನ್ನು ನೋಟ್‌ಪುಸ್ತಕದಲ್ಲಿ ಬರೆದು, ಸಂಜೆ ಕಚೇರಿಯಲ್ಲಿ ಮತ್ತೆ ಟೈಪ್ ಮಾಡುವಾಗ 11 ಎಂಬುದು 17 ಆದದ್ದೂ ಇದೆ. ಈಗ ಎಕ್ಸೆಲ್‌ನ ಕೋಶದಲ್ಲಿ ಗುಣಾಕಾರವನ್ನೇ ಬರೆದು, ಪಕ್ಕದಲ್ಲಿ ಆ ಒಟ್ಟಿಲಿನ ಚಿತ್ರವನ್ನು ಸೇರಿಸುತ್ತೇನೆ. ಮರುದಿನ ಹಾಳೆಯನ್ನು ನೋಡುವ ನಮ್ಮ ಕಚೇರಿಯ ಹಿರಿಯರಿಗೆ ಮೊತ್ತ ಹೇಗೆ ಬಂತೆಂದು ನನ್ನನ್ನು ಕರೆದು ಕೇಳುವ ಪ್ರಮೇಯವೇ ಬರುವುದಿಲ್ಲ. ತಿರುಳಿನ ಕೋಣೆಯಲ್ಲಿ ಲೆಕ್ಕದ ರೀತಿ ಬೇರೆ. 11.34 ಕಿಲೋದ, ಅಂದರೆ 25 ಪೌಂಡಿನ ಡಬ್ಬಗಳನ್ನು ದರ್ಜೆವಾರು ಎಣಿಸಬೇಕು. ಡಬ್ಲ್ಯು-320 ಎಂದರೆ ಒಂದು ಪೌಂಡಿಗೆ 300ರಿಂದ 320 ತಿರುಳು, ಅದಕ್ಕೂ ಡಬ್ಲ್ಯು-240ಕ್ಕೂ ಬೆಲೆಯಲ್ಲಿ ಅಂತರ ಇರುವುದರಿಂದ ಡಬ್ಬವನ್ನು ತಪ್ಪು ಸಾಲಿನಲ್ಲಿ ಎಣಿಸಿದರೆ ದಾಸ್ತಾನಿನ ಮೌಲ್ಯವೇ ಬದಲಾಗುತ್ತದೆ. ದರ್ಜೆಯನ್ನು ಪ್ರತಿ ಸಲ ಬರೆಯುವ ಬದಲು ಪಟ್ಟಿಯಿಂದ ಆರಿಸುವಂತೆ ಹಾಳೆಯನ್ನು ಕಚೇರಿಯ ಕಂಪ್ಯೂಟರಿನಲ್ಲೇ ಸಿದ್ಧಪಡಿಸಿ ಒಯ್ಯುವುದು ನಾನು ಕಂಡುಕೊಂಡ ಅತ್ಯಂತ ಉಪಯುಕ್ತ ಉಪಾಯ.

ಎರಡನೇ ವರ್ಷದ ಎಣಿಕೆಯ ದಿನ ಪೂರ್ತಿ ಮುಜುಗರಕ್ಕೆ ಒಳಗಾದೆ. ಹಾಳೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ತೆರೆಯಬೇಕಾದ ಸಂಗ್ರಹದಲ್ಲಿತ್ತು, ಗೋದಾಮಿನ ಕೆಂಪು ಕಲ್ಲಿನ ದಪ್ಪ ಗೋಡೆಯೊಳಗೆ ಸಿಗ್ನಲ್‌ನ ಒಂದು ಕಡ್ಡಿಯೂ ಇರಲಿಲ್ಲ. ಕಡತದ ಹೆಸರು ಕಾಣುತ್ತದೆ, ಒತ್ತಿದರೆ ಚಕ್ರ ತಿರುಗುತ್ತದೆ, ಅಷ್ಟೇ. ಕೊನೆಗೆ ಕಾರ್ಖಾನೆಯ ಗುಮಾಸ್ತರು ಕೊಟ್ಟ ತೂಕದ ಚೀಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬಂದೆ. ತಪ್ಪು ನನ್ನದೇ. ಒನ್‌ಡ್ರೈವ್ ಆಗಲಿ ಗೂಗಲ್ ಡ್ರೈವ್ ಆಗಲಿ, ಬೇಕಾದ ಕಡತವನ್ನು ಇಂಟರ್ನೆಟ್ ಇಲ್ಲದಿದ್ದಾಗಲೂ ಸಿಗುವಂತೆ ಮೊದಲೇ ಗುರುತಿಸಿಡುವ ಸೌಲಭ್ಯ ಎರಡರಲ್ಲೂ ಇದೆ. ಅಂದಿನಿಂದ ಹೊರಡುವ ಹಿಂದಿನ ರಾತ್ರಿ ಕಡತಗಳನ್ನು ಗುರುತಿಸಿ, ಇಂಟರ್ನೆಟ್ ಬಂದ್ ಮಾಡಿ, ಒಂದೊಂದನ್ನೂ ತೆರೆದು ನೋಡದೆ ಮಲಗುವುದಿಲ್ಲ. ಇನ್ನೊಂದು ತೊಡಕೂ ಇದೆ. ನಾನು ಸಂಪರ್ಕವಿಲ್ಲದೆ ತಿದ್ದುತ್ತಿರುವ ಹಾಳೆಯನ್ನೇ ಕಚೇರಿಯಲ್ಲಿ ಮತ್ತೊಬ್ಬರು ತಿದ್ದಿದರೆ ಎರಡು ಪ್ರತಿಗಳಾಗಿ, ಯಾವುದು ಸರಿ ಎಂಬ ತಲೆನೋವು ಶುರುವಾಗುತ್ತದೆ. ಎಣಿಕೆಯ ದಿನ ಆ ಹಾಳೆಯನ್ನು ಯಾರೂ ಮುಟ್ಟಕೂಡದೆಂದು ಬಾಯಿಮಾತಿನಲ್ಲಿ ಹೇಳಿಟ್ಟು ಹೋಗುತ್ತೇನೆ. ಇದಕ್ಕಿಂತ ಉತ್ತಮ ತಾಂತ್ರಿಕ ಪರಿಹಾರ ನನಗೆ ಇನ್ನೂ ಸಿಕ್ಕಿಲ್ಲ.

ಕನ್ನಡದ ಕಥೆಯನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಸಹಕಾರಿ ಸಂಘಗಳ ನಿರ್ಣಯ, ಮಹಾಸಭೆಯ ನೋಟಿಸು ಮೊದಲಾದವು ಇಂದಿಗೂ ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರುತ್ತವೆ, ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಆ ಫಾಂಟ್ ಇಲ್ಲದ ಟ್ಯಾಬ್ಲೆಟಿನಲ್ಲಿ ‘ಕನ್ನಡ’ ಎಂಬ ಪದ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡಿನ ಚಿಹ್ನೆ ಇತ್ಯಾದಿಗಳ ಸಂತೆಯಾಗಿ ಕಾಣುತ್ತದೆ. ವೆಬ್‌ನಲ್ಲಿ ಸಿಗುವ ಪರಿವರ್ತಕಗಳಿಂದ ಪಠ್ಯವನ್ನು ಯೂನಿಕೋಡ್‌ಗೆ ತರಬಹುದು, ಆದರೆ ಅರ್ಕಾವತ್ತಿನ ಪದಗಳನ್ನೂ ಅಂಕಿಗಳನ್ನೂ ಮತ್ತೊಮ್ಮೆ ಓದಲೇಬೇಕು. ಅದಕ್ಕಿಂತ ಕಳುಹಿಸುವವರಿಗೇ ಪಿಡಿಎಫ್ ಮಾಡಿ ಕಳುಹಿಸಿ ಎಂದು ಕೇಳುವುದು ಲೇಸು. ನುಡಿಯ ಕೀಲಿಮಣೆ ವಿನ್ಯಾಸದ ಮೂಲಪುರುಷರಾದ ಕೆ. ಪಿ. ರಾವ್ ಅವರು ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಆ ವಿನ್ಯಾಸಕ್ಕೆ ಒಗ್ಗಿದ ಕೈಗೆ ಪರದೆಯ ಮೇಲಿನ ಕನ್ನಡ ಅಕ್ಷರಮಾಲೆ ಬಹಳ ನಿಧಾನವೆನಿಸುತ್ತದೆ. ಹಾಗಾಗಿ ಸಣ್ಣ ಟಿಪ್ಪಣಿಗಳಿಗೆ ಗೂಗಲ್‌ನ ಕೀಲಿಮಣೆ ಆಪ್ ಜಿಬೋರ್ಡ್‌ನಲ್ಲಿ ಮಾತನ್ನು ಅಕ್ಷರವಾಗಿಸುವ ಧ್ವನಿ ಬರಹವನ್ನು ಬಳಸುತ್ತೇನೆ. ‘ಸಂಘದ ನಗದು ಪುಸ್ತಕ ಸರಿಯಾಗಿದೆ’ ಎಂಬಂಥ ವಾಕ್ಯವನ್ನು ಅದು ತಪ್ಪಿಲ್ಲದೆ ಬರೆಯುತ್ತದೆ, ಊರಿನ ಹೆಸರು ಬಂದಲ್ಲಿ ಮಾತ್ರ ಎಡವುತ್ತದೆ.

ಟ್ಯಾಬ್ಲೆಟಿನಿಂದ ಆಗದ ಕೆಲಸಗಳೂ ಇವೆ. ಆಂಡ್ರಾಯ್ಡ್‌ನ ಎಕ್ಸೆಲ್‌ನಲ್ಲಿ ಮ್ಯಾಕ್ರೋಗಳು, ಅಂದರೆ ಹಲವು ಹಂತಗಳನ್ನು ತಾನಾಗಿ ಮಾಡಿಸುವ ಆದೇಶಗಳು, ನಡೆಯುವುದಿಲ್ಲ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಪೂರ್ಣ ಕೆಲಸಕ್ಕೆ ಕಚೇರಿಯ ಕಂಪ್ಯೂಟರನ್ನು ದೂರದಿಂದ ತೆರೆಯಬೇಕು, ಚಲಿಸುವ ಬಸ್ಸಿನ 4ಜಿಯಲ್ಲಿ ಅದು ಹಗ್ಗ ಕಟ್ಟಿ ಎಳೆದಂತೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೂ ನಾನು ಕಂಪ್ಯೂಟರನ್ನೇ ಬಳಸುತ್ತೇನೆ. ಆದ್ದರಿಂದ ಜಿಎಸ್‌ಟಿಯ ತಿಂಗಳ ವಿವರವಾದ ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖಿನ ಆಸುಪಾಸು ಮತ್ತು ವರದಿಗಳ ಗಡುವು ಬರುವ ಸೆಪ್ಟೆಂಬರ್ ಕೊನೆಯ ವಾರ ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತಿರುತ್ತೇನೆ.

ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ, ಪೆನ್ನು ಸ್ಪಂದಿಸುತ್ತದೆ. ಬ್ಯಾಟರಿ ಮೊದಲು ಸಂಜೆ ಆರರವರೆಗೆ ಬರುತ್ತಿತ್ತು, ಈಗ ಊಟದ ಹೊತ್ತಿಗೆ ಪವರ್‌ಬ್ಯಾಂಕ್ ಕೇಳುತ್ತದೆ. ನಾಲ್ಕು ವರ್ಷದ ಬ್ಯಾಟರಿಗೆ ಅದು ಸಹಜ. ಇದನ್ನು ಬದಲಿಸುವ ದಿನ ಬಂದಾಗ ಉಚಿತವಾಗಿ ತಿದ್ದಬಹುದೆಂದು 10 ಇಂಚಿನ ಪರದೆಗೆ ಇಳಿಯುವ ಯೋಚನೆ ನನಗಿಲ್ಲ. ಗೋಣಿಯ ಸಂಖ್ಯೆ, ದರ್ಜೆ, ತೂಕ, ಚಿತ್ರ ನಾಲ್ಕೂ ಕಂಬಸಾಲುಗಳು ಅಡ್ಡ ಸರಿಸದೆ ಒಟ್ಟಿಗೆ ಕಾಣಬೇಕು, ಅದಕ್ಕಾಗಿ 11 ಇಂಚಿನದನ್ನೇ ಕೊಳ್ಳುತ್ತೇನೆ.