ಕಪ್ಪತಗುಡ್ಡದ ತಪ್ಪಲಿನ ಆಯುರ್ವೇದ ಶಿಬಿರ: ಅಡುಗೆಮನೆಗೆ ಪೂರ್ಣ ಅಂಕ, ವೇದಿಕೆಗೆ ಅರ್ಧ

ಕಳೆದ ಶೀಗಿ ಹುಣ್ಣಿಮೆಯ ಹೊತ್ತಿಗೆ ನಾನು ಮತ್ತು ನನ್ನ ಪತ್ನಿ ಗದಗ ಜಿಲ್ಲೆಯ ಕಪ್ಪತಗುಡ್ಡದ ತಪ್ಪಲಿನಲ್ಲಿ ನಡೆದ ಮೂರು ದಿನಗಳ ವಸತಿ ಶಿಬಿರವೊಂದಕ್ಕೆ ಹೋಗಿಬಂದೆವು. ಆಯುರ್ವೇದದ ಬೆಳಕಿನಲ್ಲಿ ಕೃತಜ್ಞತೆ ಮತ್ತು ಸಮೃದ್ಧಿಯ ಬದುಕನ್ನು ಕಲಿಸುವುದಾಗಿ ಕರಪತ್ರದಲ್ಲಿ ಬರೆದಿತ್ತು. ತಲಾ 6,500 ರೂಪಾಯಿ ಶುಲ್ಕದಲ್ಲಿ ವಸತಿ, ಊಟ, ಒಂದು ಬಾರಿಯ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿಸಿಕೊಳ್ಳುವುದು) ಮತ್ತು ವೈದ್ಯರ ತಪಾಸಣೆ ಸೇರಿದ್ದವು. ಹುಬ್ಬಳ್ಳಿಯ ಪ್ರೌಢಶಾಲೆಯಲ್ಲಿ ಬಹಳ ವರ್ಷ ಸಂಸ್ಕೃತ ಕಲಿಸಿ ನಿವೃತ್ತನಾದವನಾದ್ದರಿಂದ ಆಯುರ್ವೇದದ ಪ್ರಾಚೀನ ಗ್ರಂಥಕಾರರಾದ ಚರಕ, ವಾಗ್ಭಟರ ಹೆಸರು ಕಂಡಲ್ಲಿ ನನಗೆ ಸ್ವಲ್ಪ ಆಸೆ, ಸ್ವಲ್ಪ ಅನುಮಾನ ಎರಡೂ ಹುಟ್ಟುತ್ತವೆ. ಸಂಘಟಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥವೇ ಶಿಬಿರಗಳ ಕರಪತ್ರಗಳು ಈಗ ನಮ್ಮ ಮನೆಯ ಬಾಗಿಲಿಗೆ ಮೇಲಿಂದ ಮೇಲೆ ಬೀಳುತ್ತಿರುವುದರಿಂದ, ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂದು ನಿರ್ಧರಿಸುವವರಿಗೆ ನಮ್ಮ ಅನುಭವ ನೆರವಾದರೆ ಸಾಕು.

ಜಾಗದ ಆಯ್ಕೆ ಉತ್ತಮವಾಗಿತ್ತು. ಎರೆಹೊಲದ ಅಂಚಿನಲ್ಲಿ ಹೆಂಚಿನ ಸಾಲುಮನೆಗಳು, ಎದುರಿಗೆ ಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡಕ್ಕೆ ಔಷಧಿ ಸಸ್ಯಗಳ ಗುಡ್ಡವೆಂದು ಹಿಂದಿನಿಂದಲೂ ಹೆಸರಿದೆ. 2019ರಲ್ಲಿ ಅದನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಮೊದಲ ದಿನ ಸಂಜೆ ನಮ್ಮನ್ನು ಗುಡ್ಡದ ಬುಡದವರೆಗೆ ಕರೆದೊಯ್ದ ಸ್ಥಳೀಯ ಹಿರಿಯರು ಗಿಡಗಳನ್ನು ತೋರಿಸಿದರೇ ಹೊರತು ಒಂದು ಎಲೆಯನ್ನೂ ಕೀಳಲು ಬಿಡಲಿಲ್ಲ. 2011ರಲ್ಲಿ ಹಳ್ಳಿಗುಡಿಯ ಬಳಿ ಉಕ್ಕಿನ ಕಾರ್ಖಾನೆ ಬರುವ ಮಾತು ಎದ್ದಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ರೈತರು ಹೇಗೆ ನಿಂತು ತಡೆದರು ಎಂಬುದನ್ನೂ ಅವರು ನಡೆಯುತ್ತಲೇ ಹೇಳಿದರು. ಕೈಗೆ ಬರಲಿದ್ದ ದುಡ್ಡನ್ನು ಬೇಡವೆಂದು ಮಣ್ಣನ್ನು ಉಳಿಸಿಕೊಂಡ ಆ ಕಥೆ ಸಮೃದ್ಧಿಯ ಶಿಬಿರಕ್ಕೆ ಹೇಳಿಮಾಡಿಸಿದಂತಿತ್ತು. ಮುಂದಿನ ಎರಡು ದಿನ ವೇದಿಕೆಯ ಮೇಲಿದ್ದವರು ಅದರ ಸುದ್ದಿಗೇ ಹೋಗಲಿಲ್ಲ.

ಬೆಳಗಿನ ದಿನಚರಿಯ ಪಾಠವನ್ನು ನಡೆಸಿದವರು ಪದವಿ ಪಡೆದ ಆಯುರ್ವೇದ ವೈದ್ಯೆ. ಶಿಬಿರದಲ್ಲಿ ನಂಬಿಕೆಗೆ ಅರ್ಹವಾದ ಎರಡು ಭಾಗಗಳಲ್ಲಿ ಇದೊಂದು. ಆರೋಗ್ಯವಂತನು ಆಯುಸ್ಸಿನ ರಕ್ಷಣೆಗಾಗಿ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂಬ ವಾಗ್ಭಟನ ಮಾತಿನಿಂದಲೇ ಆರಂಭಿಸಿ, ಆ ವಾಕ್ಯದಲ್ಲಿರುವ ‘ಸ್ವಸ್ಥ’ ಎಂಬ ಪದದ ಮೇಲೆ ಬೆರಳಿಟ್ಟು, ರಾತ್ರಿ ನಿದ್ದೆಯಿಲ್ಲದೆ ನರಳಿದವರು, ಜ್ವರದಿಂದ ಎದ್ದವರು ಹಟ ಹಿಡಿದು ನಾಲ್ಕೂವರೆಗೆ ಏಳಬೇಕಾಗಿಲ್ಲ ಎಂದು ಅವರು ಬಿಡಿಸಿ ಹೇಳಿದರು. ನೆಗಡಿ, ಕಫ ಹಿಡಿದಿದ್ದ ಲಕ್ಷ್ಮೇಶ್ವರದ ಒಬ್ಬರಿಗೆ ಅಂದು ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬೇಡವೆಂದರು. ಕಫ ಹೆಚ್ಚಿದವರಿಗೂ ಅಜೀರ್ಣವಿರುವವರಿಗೂ ಅಭ್ಯಂಗ ಕೂಡದು ಎಂಬುದು ವಾಗ್ಭಟನ ಗ್ರಂಥವಾದ ಅಷ್ಟಾಂಗ ಹೃದಯದಲ್ಲೇ ಇರುವ ನಿಷೇಧ. ಶುಲ್ಕ ಕೊಟ್ಟು ಬಂದವರಿಗೆ ಬೇಡವೆನ್ನುವ ವೈದ್ಯರು ಸಿಕ್ಕಾಗ ನನಗೆ ಅರ್ಧ ಕಾಯಿಲೆ ವಾಸಿಯಾದಂತೆ ಅನ್ನಿಸುತ್ತದೆ. ನನ್ನ ಅಭ್ಯಂಗ ಎಳ್ಳೆಣ್ಣೆಯದು. ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಹಚ್ಚಬೇಕೆಂಬ ಕ್ರಮವನ್ನು ಬಿಡದೆ ಪಾಲಿಸಿದರು. ಹಚ್ಚಿದ ಹುಡುಗನ ಕೈ ಹದವಾಗಿತ್ತು. ಸ್ನಾನದ ನೀರು ಮಾತ್ರ ಉಗುರುಬೆಚ್ಚಗೂ ಇರಲಿಲ್ಲ.

ಇನ್ನೊಂದು ಭಾಗ ಅಡುಗೆಮನೆ, ಅದರ ವಿಷಯವನ್ನು ಸಾವಕಾಶವಾಗಿಯೇ ಬರೆಯಬೇಕು. ಇಂಥ ಶಿಬಿರಗಳಲ್ಲಿ ಸಾತ್ವಿಕ ಆಹಾರವೆಂದರೆ ಎಲ್ಲಿಂದಲೋ ತರಿಸಿದ ಹೆಸರು ಗೊತ್ತಿಲ್ಲದ ಕಾಳುಗಳ ಉಪ್ಪಿಲ್ಲದ ಅಡುಗೆ ಎಂಬ ಭಯ ನನಗಿತ್ತು. ಇಲ್ಲಿ ಹತ್ತಿರದ ಹಳ್ಳಿಯ ಮೂವರು ಹೆಣ್ಣುಮಕ್ಕಳು ಒಲೆಯ ಮುಂದೆ ಕುಳಿತು ಬಿಳಿಜೋಳದ ರೊಟ್ಟಿ ಬಡಿಯುತ್ತಿದ್ದರು. ಜೊತೆಗೆ ಹೆಸರುಬೇಳೆ, ಮೆಂತೆ ಪಲ್ಯ, ಪುಂಡಿ ಪಲ್ಯ, ಅಗಸಿ ಹಿಂಡಿ, ಬೆಣ್ಣೆ, ಮಜ್ಜಿಗೆ. ಜೋಳ ರೂಕ್ಷ ಗುಣದ ಧಾನ್ಯವಾದ್ದರಿಂದ ಬೆಣ್ಣೆ, ಎಣ್ಣೆ ಹಾಕಿದ ಹಿಂಡಿ ಮತ್ತು ಮಜ್ಜಿಗೆ ಅದರ ಒಣತನವನ್ನು ಸರಿದೂಗಿಸುತ್ತವೆ ಎಂದು ವೈದ್ಯೆ ವಿವರಿಸಿದಾಗ, ಯಾವ ಸಂಹಿತೆಯನ್ನೂ ಓದದ ನಮ್ಮ ಅಜ್ಜಿ ರೊಟ್ಟಿಯ ಮೇಲೆ ಬೆಣ್ಣೆ ಇಡದೆ ತಾಟನ್ನು ಮುಂದೆ ಸರಿಸುತ್ತಿರಲಿಲ್ಲ ಎಂಬುದು ನೆನಪಾಯಿತು. ಊಟದ ಸಾಲಿನಲ್ಲೇ ಒಂದು ತಕರಾರು ಎತ್ತಿದೆ. ಹಿತವಾದ ಮತ್ತು ಅಹಿತವಾದ ಪದಾರ್ಥಗಳನ್ನು ಪಟ್ಟಿ ಮಾಡುವಾಗ ಚರಕಸಂಹಿತೆ ಸಸ್ಯಜನ್ಯ ಎಣ್ಣೆಗಳಲ್ಲಿ ಎಳ್ಳೆಣ್ಣೆಯನ್ನು ಎಲ್ಲಕ್ಕಿಂತ ಮೇಲೆ, ಕುಸುಬಿ ಎಣ್ಣೆಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿದೆ; ನಮ್ಮ ಎರೆಸೀಮೆಯವರು ತಲೆತಲಾಂತರದಿಂದ ಉಂಡದ್ದು ಕುಸುಬಿ ಎಣ್ಣೆಯನ್ನೇ, ಅಂದು ಹಿಂಡಿಯ ಮೇಲೆ ಬಿದ್ದದ್ದೂ ಅದೇ. ವೈದ್ಯೆ ನಕ್ಕು, ಪಟ್ಟಿ ಇರುವುದು ನಿಜವೆಂದೂ, ಆದರೆ ರೂಢಿಯಿಂದ ದೇಹಕ್ಕೆ ಒಗ್ಗಿಹೋಗುವ ಓಕಸಾತ್ಮ್ಯವನ್ನು ಅದೇ ಚರಕಸಂಹಿತೆ ಆಹಾರವಿಧಿಯಲ್ಲಿ ಎಣಿಸಿದೆಯೆಂದೂ ಉತ್ತರಿಸಿದರು. ಶಿಬಿರದ ಮೂರು ದಿನಗಳಲ್ಲಿ ನನಗೆ ತೃಪ್ತಿ ಕೊಟ್ಟ ಏಕೈಕ ಶಾಸ್ತ್ರಚರ್ಚೆ ನಡೆದದ್ದು ಹೀಗೆ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡು.

ಊಟದಲ್ಲಿ ಮೌನ ಕಡ್ಡಾಯವಾಗಿತ್ತು. ಮಾತಾಡದೆ, ನಗದೆ, ಉಣ್ಣುವುದರಲ್ಲೇ ಮನಸ್ಸಿಟ್ಟು ಉಣ್ಣಬೇಕೆಂಬ ವಿಧಿ ಚರಕನದೇ ಆದ್ದರಿಂದ ನನ್ನ ಆಕ್ಷೇಪವಿಲ್ಲ, ಆದರೆ ನಾಲ್ಕು ಸಲ ಒತ್ತಾಯ ಮಾಡದೆ ಬಡಿಸುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟ ಎಂಬುದನ್ನು ಸಂಘಟಕರು ಯೋಚಿಸಿದಂತಿರಲಿಲ್ಲ. ಬಡಿಸುತ್ತಿದ್ದ ಹಿರಿಯಾಕೆ ಎರಡನೆಯ ದಿನ ತಡೆಯಲಾರದೆ ನನ್ನ ಕಿವಿಯ ಹತ್ತಿರ ಬಗ್ಗಿ, “ಸರ್, ಹಿಂಗ ಬಾಯಿ ಮುಚ್ಚಗೊಂಡು ಉಂಡ್ರ ಹೊಟ್ಟಿ ತುಂಬೈತೋ ಇಲ್ಲೋ ನಮಗ ಹೆಂಗ ಗೊತ್ತಾಗಬೇಕ್ರಿ?” ಎಂದು ಪಿಸುಗುಟ್ಟಿದರು. ನಾನು ವಿಧಿ ಮುರಿದು ಇನ್ನೊಂದು ರೊಟ್ಟಿ ಕೇಳಿದೆ.

ಈಗ ವೇದಿಕೆಯ ಮಾತು. ಸಮೃದ್ಧಿಯ ಮೇಲೆ ಮಾತಾಡಲು ಬಂದಿದ್ದ ತರಬೇತುದಾರರು ವೈದ್ಯರಲ್ಲ, ಸಂಸ್ಕೃತ ಬಲ್ಲವರೂ ಅಲ್ಲ; ಧ್ವನಿವರ್ಧಕದ ಬಳಕೆಯಲ್ಲಿ ಮಾತ್ರ ನಿಪುಣರು. ಕಣ್ಣು ಮುಚ್ಚಿಸಿ, ಎರಡೂ ಅಂಗೈ ಮೇಲೆ ಮಾಡಿಸಿ, “ನಾನು ಹಣದ ಅಯಸ್ಕಾಂತ” ಎಂದು 108 ಬಾರಿ ಹೇಳಿಸಿದರು, ಮತ್ತು ಇದು ಋಷಿಗಳು ಕಂಡ ಆಯುರ್ವೇದದ ರಹಸ್ಯವೆಂದರು. ನನ್ನ ಪಕ್ಕದಲ್ಲಿ ಕುಳಿತಿದ್ದವರು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟವರು. ಮೂವತ್ತನೆಯ ಎಣಿಕೆಗೆ ಒಂದು ಕಣ್ಣು ತೆರೆದು, “ಹಿಂಗ ಅನಕೋತ ಕುಂತ್ರ ಲಿಲಾವಿನ್ಯಾಗ ಚೀಲ ತಾವ ನಡಕೊಂಡ ಬರ್ತಾವೇನ್ರಿ ಸರ್?” ಎಂದರು. ನನಗೆ ನಗು ತಡೆಯಲಾಗದೆ ಎಣಿಕೆ ತಪ್ಪಿತು.

ನಗುವ ಹಾಗಿದ್ದರೂ ನನ್ನ ಮುಖ್ಯ ದೂರು ಇಲ್ಲೇ ಇರುವುದು. ಆಯುರ್ವೇದ ಹಣದ ವಿಷಯದಲ್ಲಿ ಮೌನವಾಗಿದೆಯೆಂದಾದರೆ ಇಂಥ ತೇಪೆಯನ್ನು ಕ್ಷಮಿಸಬಹುದಿತ್ತು. ಚರಕಸಂಹಿತೆಯ ಸೂತ್ರಸ್ಥಾನವೆಂಬ ಭಾಗದ ಹನ್ನೊಂದನೆಯ ಅಧ್ಯಾಯ ಶುರುವಾಗುವುದೇ ಮನುಷ್ಯ ಬಯಸಿ ಅರಸಬೇಕಾದ ಮೂರು ಏಷಣೆಗಳಿಂದ: ಮೊದಲು ಪ್ರಾಣ, ಅದರ ಬೆನ್ನಿಗೆ ಧನ, ಅನಂತರ ಪರಲೋಕ. ಸಾಧನ ಸಲಕರಣೆಯಿಲ್ಲದ ದೀರ್ಘಾಯುಸ್ಸಿಗಿಂತ ದೊಡ್ಡ ಪಾಪ ಬೇರೊಂದಿಲ್ಲ ಎಂದು ಸಂಕೋಚವಿಲ್ಲದೆ ಹೇಳುವ ಆ ಗ್ರಂಥ, ಆ ಧನವನ್ನು ಗಳಿಸುವ ದಾರಿಯನ್ನೂ ಹೆಸರಿಸುತ್ತದೆ. ಕೃಷಿ, ಪಶುಪಾಲನೆ, ವಾಣಿಜ್ಯ, ರಾಜಸೇವೆ, ಮತ್ತು ಸಜ್ಜನರು ನಿಂದಿಸದ ಇತರ ಕೆಲಸಗಳು. ಎಂದರೆ ಹೊಲ, ಕೊಟ್ಟಿಗೆ, ಅಂಗಡಿ, ಕಚೇರಿ. ಸಭೆಯಲ್ಲಿ ಕುಳಿತಿದ್ದವರಲ್ಲಿ ಬಹುಪಾಲು ಜನ ಈ ನಾಲ್ಕರಲ್ಲೇ ಬದುಕು ಸವೆಸಿದವರು. ಅವರ ದುಡಿಮೆಯನ್ನು ಗ್ರಂಥವೇ ಎತ್ತಿ ಹಿಡಿದಿರುವಾಗ ಅದನ್ನು ಮುಚ್ಚಿಟ್ಟು ಅಯಸ್ಕಾಂತವನ್ನು ಕೊಟ್ಟದ್ದು ಮನೆಯಲ್ಲಿ ತುಪ್ಪ ಇಟ್ಟುಕೊಂಡು ಡಾಲ್ಡಾ ಬಡಿಸಿದಂತಾಯಿತು. ಇನ್ನೊಬ್ಬರ ಸಂಪತ್ತು ಕಂಡರೆ ಏನು ಮಾಡಬೇಕೆಂಬ ಪ್ರಶ್ನೆಗೂ ವಾಗ್ಭಟನಲ್ಲಿ ಚುರುಕಾದ ಉತ್ತರವಿದೆ. ಅಸೂಯೆಪಡುವುದಾದರೆ ಕಾರಣದ ಬಗ್ಗೆ ಪಡು, ಫಲದ ಬಗ್ಗೆ ಬೇಡ ಎನ್ನುತ್ತಾನೆ. ನೆರೆಯವನ ಫಸಲನ್ನಲ್ಲ, ಅವನ ಉಳುಮೆಯನ್ನು ನೋಡು ಎಂದು ನಾನು ಮಕ್ಕಳಿಗೆ ಇದನ್ನು ಬಿಡಿಸಿ ಹೇಳುತ್ತಿದ್ದೆ.

ಕೃತಜ್ಞತೆಯ ಕಲಾಪ ಇದಕ್ಕಿಂತ ವಾಸಿ. ಎಲ್ಲರಿಗೂ ಒಂದೊಂದು ಡೈರಿ ಕೊಟ್ಟು, ಮಲಗುವ ಮುಂಚೆ ಅಂದು ಪಡೆದ ಐದು ಉಪಕಾರಗಳನ್ನು ಬರೆಯಲು ಹೇಳಿದರು. ಮೊದಲ ರಾತ್ರಿ ಬಿಸಿಲು, ಮಳೆ, ತಂದೆತಾಯಿ ಎಂದು ಶಾಲಾಮಕ್ಕಳ ಪ್ರಬಂಧದಂತೆ ಬರೆದೆ. ಎರಡನೆಯ ರಾತ್ರಿ ರೊಟ್ಟಿ ಬಡಿದವರನ್ನು, ಬೆಳಗ್ಗೆ ನೀರು ಹೊತ್ತ ಹುಡುಗನನ್ನು ಬರೆದೆ. ಅವರ ಹೆಸರು ಕೂಡ ಕೇಳಿರಲಿಲ್ಲವೆಂಬುದು ಹೊಳೆದು ನಾಚಿಕೆಯಾಯಿತು. ಅಷ್ಟರಮಟ್ಟಿಗೆ ಡೈರಿ ಕೆಲಸ ಮಾಡಿತೆಂದು ಒಪ್ಪಬೇಕು. ಆದರೆ ಕೃತಜ್ಞತೆಯಿಂದ ಹಣ ಆಕರ್ಷಿತವಾಗುತ್ತದೆ ಎಂಬ ವ್ಯಾಪಾರದ ಲೆಕ್ಕಕ್ಕೆ ಆಯುರ್ವೇದದ ಆಧಾರವನ್ನು ನಾನು ಕಂಡಿಲ್ಲ. ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ಸತ್ವಸಾರ ಪುರುಷನ, ಎಂದರೆ ಮನೋಬಲ ಮಿಗಿಲಾದವನ, ಲಕ್ಷಣಗಳನ್ನು ಹೇಳುವಾಗ ಸ್ಮೃತಿವಂತ, ಭಕ್ತಿವಂತ, ಕೃತಜ್ಞ ಎಂಬ ಪದಗಳು ಒಂದರ ಪಕ್ಕ ಒಂದು ಬರುತ್ತವೆ. ನೆನಪಿನ ನೆರೆಯಲ್ಲೇ ಕೃತಜ್ಞತೆ ಇರುವುದು ನನಗೆ ಸಹಜವಾಗಿ ಕಾಣುತ್ತದೆ, ಏಕೆಂದರೆ ಮಾಡಿದ್ದನ್ನು ಮರೆಯದಿರುವುದೇ ಆ ಪದದ ಅರ್ಥ. ಡೈರಿಗೆ ಒಂದು ಸಾಲು ಬೇಕೇ ಬೇಕಿದ್ದರೆ ನನ್ನ ಹಗಲು ರಾತ್ರಿಗಳು ಈಗ ಎಂಥವನಾಗಿ ಕಳೆಯುತ್ತಿವೆ ಎಂದು ದಿನವೂ ಕೇಳಿಕೊಳ್ಳುವವನು ದುಃಖಕ್ಕೆ ಗುರಿಯಾಗುವುದಿಲ್ಲ ಎಂಬ ವಾಗ್ಭಟನ ಶ್ಲೋಕವನ್ನು ಮೊದಲ ಪುಟದಲ್ಲಿ ಅಚ್ಚು ಹಾಕಿಸಬಹುದಿತ್ತು. ಅಲ್ಲಿ ಅಚ್ಚಾಗಿದ್ದದ್ದು ಮುಂದಿನ ಶಿಬಿರದ ಜಾಹೀರಾತು.

ಒಂದು ಘಟನೆಯನ್ನು ಎಚ್ಚರಿಕೆಗಾಗಿ ಹೇಳಲೇಬೇಕು. ಕೃತಜ್ಞತೆ ಗಟ್ಟಿಯಾದರೆ ರಕ್ತದೊತ್ತಡದ ಗುಳಿಗೆ ತಾನಾಗಿಯೇ ಬಿಟ್ಟುಹೋಗುತ್ತದೆ ಎಂದು ತರಬೇತುದಾರರು ಮಾತಿನ ಭರದಲ್ಲಿ ಅಂದರು. ಮರುದಿನ ಬೆಳಗ್ಗೆ ಶಿಬಿರಾರ್ಥಿಯೊಬ್ಬರು ಗುಳಿಗೆ ನುಂಗದೆ ಬಂದು ಕುಳಿತಿದ್ದರು. ವೈದ್ಯೆಗೆ ತಿಳಿದ ತಕ್ಷಣ ಎಲ್ಲರೆದುರು ಆ ಮಾತನ್ನು ತಿದ್ದಿ, ಬರೆದುಕೊಟ್ಟ ವೈದ್ಯರನ್ನು ಕೇಳದೆ ಯಾರೂ ಒಂದು ಗುಳಿಗೆಯನ್ನೂ ನಿಲ್ಲಿಸಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ಅವರು ಇಲ್ಲದಿದ್ದರೆ ಏನಾಗುತ್ತಿತ್ತೋ. ಕೊನೆಯ ಮಧ್ಯಾಹ್ನ ಚೂರ್ಣ, ತೈಲ, ತಾಮ್ರದ ತಂಬಿಗೆಗಳ ಮಾರಾಟವೂ ನಡೆಯಿತು. ಒತ್ತಾಯವಿರಲಿಲ್ಲ, ಬೆಲೆ ಮಾತ್ರ ಪೇಟೆಗಿಂತ ಹೆಚ್ಚು.

ಆ ಮಾರಾಟದ ಹೊತ್ತಿನಲ್ಲಿ ನಾವಿಬ್ಬರೂ ಬೇಲಿ ದಾಟಿ ಪಕ್ಕದ ಹೊಲಕ್ಕೆ ಹೋಗಿದ್ದೆವು. ಅಂದು ಶೀಗಿ ಹುಣ್ಣಿಮೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ತುಂಬಿದ ಬಸುರಿಗೆ ಬಯಕೆಯ ಊಟ ಉಣಿಸುವಂತೆ ಭೂಮಿತಾಯಿಗೆ ಎಡೆ ಹಿಡಿದು, ಹೊಲದ ಯಜಮಾನ ಬುಟ್ಟಿಯೊಳಗಿನ ಚರಗವನ್ನು, ಎಂದರೆ ಹೊಲಕ್ಕೆ ಅರ್ಪಿಸುವ ಅಡುಗೆಯನ್ನು, ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ಬದುವಿನ ಮೇಲೆ ಹೋಗುತ್ತಿದ್ದ. ಹಕ್ಕಿಗೆ, ಹುಳಕ್ಕೆ, ಇಲಿಗೆ ಎಲ್ಲಕ್ಕೂ ಅದರಲ್ಲಿ ಪಾಲು. ನಮ್ಮನ್ನು ಕಂಡವನೇ, “ಬರ್ರಿ ಸರ್, ಅಮ್ಮಾರನ್ನೂ ಕರಕೊಂಡ ಬರ್ರಿ. ಇವತ್ತ ಹೊಲಕ್ಕ ಬಂದವ್ರನ್ನ ಹಂಗ ಕಳಸಬಾರದ್ರಿ” ಎಂದು ಕಡುಬು, ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬಡಿಸಿದ. ಒಬ್ಬನೇ ಸುಖಿಯಾಗಬೇಡ ಎಂಬರ್ಥದ ‘ನೈಕಃ ಸುಖೀ’ ಎಂಬ ಎರಡು ಪದಗಳು ವಾಗ್ಭಟನ ದಿನಚರಿ ಅಧ್ಯಾಯದಲ್ಲಿವೆ. ಹಲ್ಲುಜ್ಜುವುದು, ಎಣ್ಣೆ ಹಚ್ಚುವುದು, ಸ್ನಾನ ಇವುಗಳ ಜೊತೆಗೇ ಅದನ್ನೂ ದಿನದ ಕೆಲಸವಾಗಿ ಅವನು ಏಕೆ ಇಟ್ಟನೆಂದು ತರಗತಿಯಲ್ಲಿ ನಾನು ಎಷ್ಟೋ ವರ್ಷ ವಿವರಿಸಿದ್ದೆ. ಅಂದು ಆ ಬದುವಿನ ಮೇಲೆ ಕುಳಿತು ಕಡುಬು ಮುರಿಯುವಾಗ ನನ್ನ ವಿವರಣೆ ತೀರ ತೆಳುವಾಗಿತ್ತೆಂದು ಅನ್ನಿಸಿತು. ಇದೇ ರೈತರು ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಕೆ ಶುರುಮಾಡುತ್ತಾರೆ. ಸಮೃದ್ಧಿಯ ಮಂತ್ರವೇ ಬೇಕೆಂದರೆ ಇದಾದರೂ ಇತ್ತಲ್ಲ, ಅದೂ ಬೆವರು ಹರಿಸಿ ರಾಶಿ ಮಾಡಿದ ಮೇಲೆ ಹೇಳುವಂಥದ್ದು.

ಹೋಗಬಯಸುವವರಿಗೆ ಎರಡು ಮಾತು. ಹಣ ಕಟ್ಟುವ ಮೊದಲು ಪದವಿ ಪಡೆದ ವೈದ್ಯರು ಮೂರೂ ದಿನ ಇರುತ್ತಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ನಿತ್ಯದ ಔಷಧಿಗಳ ಪಟ್ಟಿಯನ್ನು ಜೊತೆಗೆ ಒಯ್ಯಬೇಕು. ಮಧುಮೇಹ ಇರುವವರು ಬೆಲ್ಲದ ಪಾಯಸದ ವಿಷಯವನ್ನು ಅಡುಗೆಯವರಿಗೆ ಮೊದಲೇ ತಿಳಿಸಿದರೆ ಅವರು ಬೇರೆ ಬಡಿಸುತ್ತಾರೆ. ಹಾಸಿಗೆ ಶುಚಿಯಾಗಿತ್ತು, ಸೊಳ್ಳೆ ಪರದೆ ಇರಲಿಲ್ಲ. ಸಮೃದ್ಧಿಯ ಕಲಾಪಕ್ಕೆ ಹಾಜರಾಗಲೇಬೇಕೆಂಬ ಕಡ್ಡಾಯವಿಲ್ಲವೆಂದು ನಮಗೆ ತಿಳಿದದ್ದು ಹೊರಡುವ ದಿನ. ವೈದ್ಯೆ ಮತ್ತು ಆ ಮೂವರು ಅಡುಗೆಯವರು ಇರುವುದಾದರೆ ಮುಂದಿನ ವರ್ಷವೂ ಹೋಗುವುದೆಂದು ನನ್ನ ಪತ್ನಿ ಆಗಲೇ ತೀರ್ಮಾನಿಸಿದ್ದಾಳೆ. ಡೈರಿಯ ಉಳಿದ ಹಾಳೆಗಳಲ್ಲಿ ಈಗ ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ.