ಮಕ್ಕಳಿಗೆ ಸೇವೆ ಕಲಿಸಲು ಶ್ರಮದಾನವೋ, ಸಂಗ್ರಹವೋ, ಲೈನ್ ಮನೆಯ ಓದೋ?

ವಿರಾಜಪೇಟೆ ಕಡೆಯ, ಚರ್ಚಿನ ಆಡಳಿತದ ಶಾಲೆ ನಮ್ಮದು. ಮೌಲ್ಯಶಿಕ್ಷಣದ ತರಗತಿ ನನ್ನ ಪಾಲಿಗೆ ಬಂದ ಮೇಲೆ ಮಕ್ಕಳಿಂದ ಮೂರು ಬಗೆಯ ಸೇವೆ ಮಾಡಿಸಿ ನೋಡಿದ್ದೇನೆ. ಯಾವುದು ಒಳ್ಳೆಯದು ಅಂತ ಬೇರೆ ಶಾಲೆಯ ಟೀಚರ್‌ಗಳು ಕೇಳುತ್ತಿರುತ್ತಾರೆ. ಕೈಲಾಗುವುದಾದರೆ ಲೈನ್ ಮನೆಯ (ಕಾಫಿ ತೋಟದ ಕಾರ್ಮಿಕರು ಇರುವ ಸಾಲುಮನೆಯ) ಓದೇ ಅನ್ನುತ್ತೇನೆ.

ಶ್ರಮದಾನ ಎಲ್ಲಕ್ಕಿಂತ ಸುಲಭ. ಗ್ಲೌಸು, ಗೋಣಿಚೀಲ, ಅರ್ಧ ದಿನ ಸಾಕು. ಜೂನ್ ಮಳೆ ಜೋರಾಗುವ ಮುಂಚೆ ಮೋರಿಯ ಪ್ಲಾಸ್ಟಿಕ್ ತೆಗೆದರೆ ಊರಿಗೂ ಉಪಕಾರ. ಆದರೆ ಮಕ್ಕಳಿಗೆ ಅಲ್ಲಿ ಸಿಗುವುದು ಕಸ, ಮನುಷ್ಯರಲ್ಲ. ಪೌರಕಾರ್ಮಿಕರ ಜೊತೆಗೇ, ಅವರು ಹೇಳಿದ ಹಾಗೆ ಕೆಲಸ ಮಾಡಿಸಿದ ಮೇಲೆ ಇದು ಎಷ್ಟೋ ಸುಧಾರಿಸಿತು. ಈಗ ಬೆಳಿಗ್ಗೆ ಶಾಲೆಗೆ ಬರುವಾಗ ಮಕ್ಕಳು ಅವರನ್ನು "ಅಕ್ಕಾ" ಅಂತ ಕರೆದು ಮಾತಾಡಿಸುತ್ತಾರೆ.

ತಪಸ್ಸುಕಾಲದ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ ಸಂಗ್ರಹ ಚಿಕ್ಕ ತರಗತಿಗಳಿಗೆ ಸರಿ. ತಿಂಡಿಯ ದುಡ್ಡು ಉಳಿಸಿ ಹುಂಡಿಗೆ ಹಾಕುವುದು ಅವರಿಗೆ ಅರ್ಥವಾಗುತ್ತದೆ. ದೊಡ್ಡ ಮಕ್ಕಳ ವಿಷಯದಲ್ಲಿ ಕೊಡುವವರು ಅಪ್ಪ ಅಮ್ಮಂದಿರೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಾನು ಹೋಗಿದ್ದ ಪರಿಹಾರ ಕೇಂದ್ರದಲ್ಲಿ ಹಳೆ ಬಟ್ಟೆ ರಾಶಿ ಬಿದ್ದಿತ್ತು, ಜನ ಕೇಳುತ್ತಿದ್ದುದು ಚಪ್ಪಲಿ, ಒಳಉಡುಪು, ಮಕ್ಕಳ ನೋಟ್ ಪುಸ್ತಕ. ಅದಕ್ಕೇ ಮೊದಲು ಕೇಳಿ, ಆಮೇಲೆ ಕೂಡಿಸಬೇಕು. ಕೊಟ್ಟವರ ಹೆಸರನ್ನು ಬೋರ್ಡಿನ ಮೇಲೆ ಬರೆಯಲೇಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅನ್ನುವ ಯೇಸುವಿನ ಮಾತನ್ನು ಕಲಿಸುವವರೇ ನಾವಲ್ಲವೇ?

ಇನ್ನು ಲೈನ್ ಮನೆ. ವಾರಕ್ಕೊಮ್ಮೆ ಒಂಬತ್ತನೇ ತರಗತಿಯವರು ಕಾಫಿ ತೋಟದ ಕಾರ್ಮಿಕರ ಮಕ್ಕಳ ಜೊತೆ ಕೂತು ಕನ್ನಡ ಓದುತ್ತಾರೆ. ಕೆಲವರು ಇಲ್ಲಿನ ಯರವ ಬುಡಕಟ್ಟಿನ ಮಕ್ಕಳು, ಕೆಲವರು ಅಸ್ಸಾಮಿನಿಂದ ಬಂದವರು. ಪುಸ್ತಕದ ಕನ್ನಡ ಯಾರ ಮನೆಮಾತೂ ಅಲ್ಲ. ಒಮ್ಮೆ ರೋಬಸ್ಟಾ ಕಾಫಿ ಕುಯ್ಲಿನ ಸಮಯ, ತಾಯಂದಿರು ಚೀಲ ತೂಕಕ್ಕೆ ಹಾಕಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಒಬ್ಬಳು ಪುಟ್ಟ ಹುಡುಗಿ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರೆಯುತ್ತಿದ್ದಳು, ಪುಸ್ತಕ ಜಾರುತ್ತಿತ್ತು. ನಮ್ಮ ಹುಡುಗಿಯೊಬ್ಬಳು ಏನೂ ಹೇಳದೆ ಆ ಮಗುವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಅವತ್ತು ಪಾಠ ಮಾಡಲಿಲ್ಲ, ಮಗು ಆಡಿಸಿದಳು. ಇದನ್ನು ತರಗತಿಯಲ್ಲಿ ಕೂತು ಕಲಿಸುವುದು ನನ್ನಿಂದಾಗದು. ತಾಯಂದಿರು ಬೆಲ್ಲದ ಕಾಫಿ ಕೊಟ್ಟರೆ ಮೊದಮೊದಲು ನಮ್ಮ ಮಕ್ಕಳು ಬೇಡ ಅನ್ನುತ್ತಿದ್ದರು. ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಮೊದಲು ಒಪ್ಪಿರಲಿಲ್ಲ ಅಂತ ನೆನಪಿಸಿದೆ. ಈಗ ಕುಡಿದು, ಲೋಟ ತೊಳೆದಿಟ್ಟು ಬರುತ್ತಾರೆ.

ಕಷ್ಟವೂ ಇದರಲ್ಲೇ ಹೆಚ್ಚು. ತೋಟದ ಸಾಹುಕಾರರ ಒಪ್ಪಿಗೆ, ಜೀಪು, ಜೊತೆಗೆ ಇಬ್ಬರು ಟೀಚರ್ ಬೇಕು. ಆನೆ ಭಯ ಇರುವುದರಿಂದ ಕತ್ತಲಾಗುವ ಮೊದಲೇ ವಾಪಸಾಗಬೇಕು. ಟ್ಯೂಷನ್ ತಪ್ಪುತ್ತದೆ ಅಂತ ಪೋಷಕರ ಆಕ್ಷೇಪವೂ ಬರುತ್ತದೆ. ನಮ್ಮ ಮಕ್ಕಳಲ್ಲೇ ಹಿಂದೂಗಳು, ಮುಸ್ಲಿಮರು ಇದ್ದಾರೆ. ಆದ್ದರಿಂದ ಪ್ರಾರ್ಥನೆ ಶಾಲೆಯಲ್ಲೇ ಮುಗಿಯುತ್ತದೆ, ಲೈನ್ ಮನೆಯಲ್ಲಿ ಓದು ಮಾತ್ರ. ಫೋಟೋ ತೆಗೆಯುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ. ಮಳೆ ಕಡಿಮೆಯಾದ ಮೇಲೆ ಶುರು ಮಾಡಿದರೆ ಪರೀಕ್ಷೆಯವರೆಗೂ ಬಿಡದೆ ಹೋಗುವ ಧೈರ್ಯ ಇರಬೇಕು. ನಡುವೆ ಬಿಟ್ಟರೆ ದಾರಿ ಕಾಯುತ್ತಾ ಕೂರುವವರು ಆ ಪುಟ್ಟ ಮಕ್ಕಳು. ಅಷ್ಟು ಖಾತ್ರಿ ಇಲ್ಲದ ಶಾಲೆಗಳು ಪೌರಕಾರ್ಮಿಕರ ಜೊತೆಗಿನ ಶ್ರಮದಾನವನ್ನೇ ತಿಂಗಳಿಗೊಮ್ಮೆ ಇಟ್ಟುಕೊಳ್ಳಲಿ.